ಮಾಂಸ ತಿನ್ನುವವರ ಹತ್ತಿರ ಯಾವ ಮಾತು ಎತ್ತಬೇಕು, ಯಾವುದನ್ನು ಬಿಡಬೇಕು?

ಸಾವಧಾನ

ವೀಗನ್ ಆಗಿ, ಅಂದರೆ ಮಾಂಸದ ಜೊತೆ ಹಾಲು, ಮೊಟ್ಟೆಯನ್ನೂ ಬಿಟ್ಟು, ಕೆಲವು ವರ್ಷ ಆಯಿತು. ಮಾಂಸ ತಿನ್ನುವ ಗೆಳೆಯರ ಜೊತೆ ಈ ವಿಷಯ ಬಂದಾಗಲೆಲ್ಲ ಆರೋಗ್ಯ, ಪರಿಸರ, ಪ್ರಾಣಿ ಈ ಮೂರರಲ್ಲಿ ಒಂದನ್ನು ಹಿಡಿದು ಮಾತಿಗಿಳಿಯುತ್ತೇನೆ. ಮೈ ಬೆಳೆಸುವ ಹುಮ್ಮಸ್ಸಿನವರಿಗೆ ಕೊಲೆಸ್ಟರಾಲ್, ಕಾಲೇಜಿನವರಿಗೆ ಹವಾಮಾನ. ಪ್ರಾಣಿಯ ವಿಷಯ ಕೊನೆಗೆ, ಅದೂ ಅವರೇ ಕೇಳಿದರೆ. ಕೊಲ್ಲುವ ಮಾತು ಬಂತೆಂದರೆ ಮುಖ ಗಂಟಿಕ್ಕುತ್ತಾರೆ, ಅಲ್ಲಿಗೆ ಮಾತುಕತೆ ಮುಗಿಯಿತು.

ಎಲ್ಲರೂ ತಲೆದೂಗುತ್ತಾರೆ. "ನೀವು ಹೇಳೋದು ಸರಿನೇ" ಅಂತಲೂ ಅನ್ನುತ್ತಾರೆ. ಊಟಕ್ಕೆ ಕೂತರೆ ಯಥಾಪ್ರಕಾರ. ಇಲ್ಲಿ ಎರಡೂ ಕಡೆಯವರಿದ್ದೀರಿ. ಮಾಂಸ ಬಿಟ್ಟವರು ಯಾವ ಮಾತಿಗೆ ಬಿಟ್ಟಿರಿ? ಬಿಡದವರು ಯಾವ ಮಾತಿಗೆ ಒಂದು ಗಳಿಗೆಯಾದರೂ ಯೋಚನೆಗೆ ಬಿದ್ದಿರಿ?

ಖಾರಪ್ರಿಯ

ಬಿಡದವನು ನಾನು, ಹಾಜರ್. ನೀವು ಬರೆದಿರೋದು ಓದಿದ್ರೇ ಗೊತ್ತಾಗುತ್ತೆ ಎಡವಟ್ಟು ಎಲ್ಲಿದೆ ಅಂತ. ಮುಖ ನೋಡಿ ಮಣೆ ಹಾಕೋದು ಅಂತಾರಲ್ಲ, ಇದೇ ಅದು. ಆರೋಗ್ಯ ಅಂತ ಶುರು ಮಾಡ್ತಾರೆ. ನನ್ನ ರಕ್ತಪರೀಕ್ಷೆ ಸರಿಯಾಗೇ ಇದೆ ಅಂದ ತಕ್ಷಣ ಪರಿಸರಕ್ಕೆ ನೆಗೀತಾರೆ. ಅಲ್ಲೂ ಸಿಗದೇ ಇದ್ರೆ ಕರುಣೆ. ಅಂದ್ರೆ ನನ್ನ ಹೃದಯದ ಮೇಲೆ ನಿಮಗೆ ಕಾಳಜಿ ಇರಲಿಲ್ಲ, ಅದು ಗಾಳಕ್ಕೆ ಸಿಕ್ಕಿಸಿದ ಹುಳ. ಎದುರಿಗಿರೋನಿಗೆ ಇದು ಗೊತ್ತಾಗಲ್ಲ ಅಂದುಕೊಂಡಿದ್ದೀರಾ?

ಬಂದದ್ದಕ್ಕೆ ನನ್ನ ಪ್ರಶ್ನೆಗಳನ್ನೂ ಇಟ್ಟು ಹೋಗ್ತೀನಿ. ಹುಲಿ ಜಿಂಕೆ ತಿನ್ನಲ್ವಾ? ಗಿಡಕ್ಕೆ ಜೀವ ಇಲ್ವಾ? ಹೊಲ ಕೊಯ್ಯೋ ಯಂತ್ರದಡಿ ಇಲಿ, ಹಾವು, ಹಕ್ಕಿಮರಿ ಸಾಯಲ್ವಾ? ಉತ್ತರ ಕೊಡಿ, ಉಪದೇಶ ಬೇಡ.

ನೀಲಿಶಾಯಿ

ಖಾರಪ್ರಿಯ ಅವರೇ, ಹುಲಿಯದು ಬೇಗ ಮುಗಿಯುತ್ತದೆ. ಗಂಡು ಹುಲಿ ಬೇರೆ ಗಂಡಿಗೆ ಹುಟ್ಟಿದ ಮರಿಯನ್ನೂ ಕೆಲವೊಮ್ಮೆ ಕೊಲ್ಲುತ್ತದೆ. ನಮ್ಮ ನಡತೆಗೆ ಅದನ್ನು ಯಾರೂ ಮಾದರಿ ಮಾಡಿಕೊಂಡಿಲ್ಲ.

ಗಿಡಕ್ಕೆ ಜೀವ ಇದೆ, ಯಾರೂ ಇಲ್ಲ ಅನ್ನುವುದಿಲ್ಲ. ಎಲೆ ಕಚ್ಚಿದರೆ ಅದು ರಾಸಾಯನಿಕಗಳನ್ನು ಬಿಡುತ್ತದೆ, ಪಕ್ಕದ ಗಿಡಗಳು ಅದಕ್ಕೆ ಪ್ರತಿಕ್ರಿಯಿಸುತ್ತವೆ. ಆದರೆ ನೋವನ್ನು ನೋವಾಗಿ ಅನುಭವಿಸಲು ಬೇಕಾದ ನರಮಂಡಲವಾಗಲೀ ಮಿದುಳಾಗಲೀ ಅದಕ್ಕಿಲ್ಲ. ಇಂಗ್ಲಿಷ್ ದಾರ್ಶನಿಕ ಜೆರೆಮಿ ಬೆಂಥಮ್ 1789ರಲ್ಲೇ ಗೆರೆ ಎಲ್ಲಿ ಎಳೆಯಬೇಕೆಂದು ಹೇಳಿದ್ದ: ಅವು ಯೋಚಿಸಬಲ್ಲವೇ, ಮಾತಾಡಬಲ್ಲವೇ ಎಂಬುದಲ್ಲ, ನರಳಬಲ್ಲವೇ ಎಂಬುದು ಪ್ರಶ್ನೆ. ಒಂದು ವೇಳೆ ಗಿಡವೂ ನರಳುತ್ತದೆ ಎಂದೇ ಇಟ್ಟುಕೊಳ್ಳಿ, ಆಗಲೂ ನಿಮ್ಮ ಕಡೆ ವಾದ ನಿಲ್ಲುವುದಿಲ್ಲ. ಜಗತ್ತಿನಲ್ಲಿ ಬೆಳೆವ ಸೋಯಾದಲ್ಲಿ ಸುಮಾರು ಮುಕ್ಕಾಲು ಪಾಲು ಹೋಗುವುದು ಸಾಕುಪ್ರಾಣಿಗಳ ಹೊಟ್ಟೆಗೆ. ಪ್ರಾಣಿಯ ಮೂಲಕ ತಿಂದರೆ ಗಿಡಗಳೂ ಹೆಚ್ಚೇ ಸಾಯುತ್ತವೆ.

ಮೂರನೆಯದು ಗಟ್ಟಿ ಪ್ರಶ್ನೆ. ಇದನ್ನು 2003ರಲ್ಲಿ ಸ್ಟೀವನ್ ಡೇವಿಸ್ ಎಂಬ ಅಮೆರಿಕದ ಪ್ರಾಣಿವಿಜ್ಞಾನಿ ಗಂಭೀರವಾಗಿಯೇ ಎತ್ತಿದ್ದರು. ಉಳುಮೆ, ಕೊಯ್ಲಿನಲ್ಲಿ ಹೊಲದ ಪ್ರಾಣಿಗಳು ಸಾಯುತ್ತವೆ. ಹುಲ್ಲುಗಾವಲಿನಲ್ಲಿ ದನ ಮೇಯಿಸಿದರೆ ಒಂದು ಹೆಕ್ಟೇರಿನಲ್ಲಿ ಸಾಯುವ ಪ್ರಾಣಿ ಕಡಿಮೆ. ಹಾಗಾಗಿ ಕನಿಷ್ಠ ಹಾನಿ ಬೇಕೆನ್ನುವವರು ದನದ ಮಾಂಸ ತಿನ್ನಬೇಕು, ಇದು ಅವರ ಲೆಕ್ಕ. ಅದೇ ವರ್ಷ ಗ್ಯಾವರಿಕ್ ಮ್ಯಾಥನಿ ಎಂಬ ಸಂಶೋಧಕರು ಅದರ ಬುಡಕ್ಕೇ ಕೈ ಹಾಕಿದರು. ಲೆಕ್ಕ ಹೆಕ್ಟೇರಿಗಲ್ಲ, ಒಬ್ಬರ ಊಟಕ್ಕೆ ಹಾಕಬೇಕು. ಒಂದು ಹೆಕ್ಟೇರು ಕಾಳು ಎಷ್ಟು ಜನರಿಗೆ ಪ್ರೋಟೀನ್ ಕೊಡುತ್ತದೋ ಅಷ್ಟನ್ನು ಕೊಡಲು ಹುಲ್ಲುಗಾವಲು ಹಲವು ಪಟ್ಟು ಬೇಕು. ಹಾಗೆ ಅಳೆದರೆ ಸಸ್ಯದ ಊಟದಲ್ಲೇ ಸಾವು ಕಡಿಮೆ. ಕಡಿಮೆ ಅಂದೆ, ಸೊನ್ನೆ ಅನ್ನಲಿಲ್ಲ. ಸೊನ್ನೆ ಎಂದು ಹೇಳಿಕೊಳ್ಳುವ ವೀಗನ್‌ಗಳ ಮಾತು ನಂಬಬೇಡಿ.

ಲೆಕ್ಕದಪುಸ್ತಕ

ಸಾವಧಾನ ಅವರ ಪ್ರಶ್ನೆಗೆ ಬರುತ್ತೇನೆ. ಮೂರು ವಾದಗಳಲ್ಲಿ ಯಾವುದು ಜನರಿಗೆ ನಾಟುತ್ತದೆ ಎಂಬುದಕ್ಕಿಂತ ಮೊದಲು, ನಾಟಿದ ಮೇಲೆ ಅವರು ಏನು ಮಾಡುತ್ತಾರೆ ಎಂದು ನೋಡಿ. ಈ ಗುಂಪಿನಲ್ಲಿ ಯಾರೂ ಇದನ್ನು ಮಾತಾಡುವುದಿಲ್ಲ, ನನಗಂತೂ ಇದೇ ದೊಡ್ಡ ಸಂಗತಿ.

ಹವಾಮಾನದ ವಾದ ಕೇಳಿದವನು ವೀಗನ್ ಆಗುವುದು ಅಪರೂಪ. ಅವನು ದನದ ಮಾಂಸ ಬಿಟ್ಟು ಕೋಳಿ ತಿನ್ನತೊಡಗುತ್ತಾನೆ. ಅವನ ಲೆಕ್ಕ ತಪ್ಪೂ ಅಲ್ಲ. ಪೂರ್ ಮತ್ತು ನೆಮೆಚೆಕ್ ಎಂಬ ಸಂಶೋಧಕರು 2018ರಲ್ಲಿ 119 ದೇಶಗಳ ಸುಮಾರು 38,700 ಜಮೀನುಗಳ ಮಾಹಿತಿ ಕಲೆಹಾಕಿ ಪ್ರಕಟಿಸಿದರಲ್ಲ, ಅದರ ಪ್ರಕಾರ ಮಾಂಸಕ್ಕೆಂದೇ ಸಾಕಿದ ದನದಿಂದ 100 ಗ್ರಾಂ ಪ್ರೋಟೀನ್ ಪಡೆಯಲು ಹೊರಬೀಳುವ ಹಸಿರುಮನೆ ಅನಿಲ ಸರಾಸರಿ 50 ಕಿಲೋ, ಕೋಳಿಯಿಂದಾದರೆ 6 ಕಿಲೋದ ಒಳಗೆ. ಆರೋಗ್ಯದ ವಾದ ಕೇಳಿದವನೂ ಅಲ್ಲಿಗೇ ಬರುತ್ತಾನೆ. ಕೆಂಪು ಮಾಂಸ ಹೃದಯಕ್ಕೆ ಒಳ್ಳೆಯದಲ್ಲ ಅಂದಿರಿ, ಸರಿ, ಕೋಳಿ, ಮೀನು.

ಈಗ ತಲೆ ಎಣಿಸಿ. ಒಂದು ದನದಿಂದ ಇನ್ನೂರು ಕಿಲೋಗೂ ಮಿಕ್ಕಿ ಮಾಂಸ ಬರುತ್ತದೆ. ಅಷ್ಟೇ ಮಾಂಸಕ್ಕೆ ನೂರಕ್ಕೂ ಹೆಚ್ಚು ಕೋಳಿ ಬೇಕು. ಒಂದು ಪ್ರಾಣಿಯನ್ನು ಉಳಿಸಿ ನೂರನ್ನು ಕೊಂದ ಹಾಗಾಯಿತು, ಅದೂ ಸಾಕುಪ್ರಾಣಿಗಳಲ್ಲೇ ಅತಿ ಇಕ್ಕಟ್ಟಿನಲ್ಲಿ ಬದುಕುವ ಒಂದನ್ನು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಗಳಲ್ಲಿ 1961ರಲ್ಲಿ ಜಗತ್ತಿನಲ್ಲಿ ಕೊಂದ ಕೋಳಿ ಸುಮಾರು 660 ಕೋಟಿ. ಈಗ ವರ್ಷಕ್ಕೆ 7,000 ಕೋಟಿ ದಾಟಿದೆ. ನೆಲದ ಮೇಲಿನ ಪ್ರಾಣಿಗಳನ್ನೆಲ್ಲ ಸೇರಿಸಿದರೆ 8,000 ಕೋಟಿ. ಅಂದರೆ ಈ ಇಡೀ ಚರ್ಚೆ ಹೆಚ್ಚುಕಡಿಮೆ ಕೋಳಿಯದ್ದೇ. ನಾವು ಮಾತ್ರ ಪ್ರತಿ ಪೋಸ್ಟರಿನಲ್ಲೂ ಹಸುವಿನ ಕಣ್ಣು ಹಾಕಿ ಕೂತಿದ್ದೇವೆ.

ಸಾವಧಾನ ಅವರೇ, ಪ್ರಾಣಿಯನ್ನು ಕೊನೆಗಿಟ್ಟು ಮಾತಾಡಿದರೆ ಪ್ರಾಣಿಗೆ ಕೇಡು ಮಾಡಿದ ಹಾಗಾಗುವ ಸಂದರ್ಭವೂ ಇದೆ. ಮೊದಲು ಅದನ್ನೇ ಹೇಳಿ.

ಹಳೇಕುಳ

ಪಶುವೈದ್ಯನಾಗಿ ನನ್ನ ಕೆಲಸದ ಬಹುಪಾಲು ಕೋಳಿ ಶೆಡ್ಡುಗಳಲ್ಲೇ ಕಳೆಯಿತು. ಈಗ ನಿವೃತ್ತ. ಮೇಲಿನವರು ಅಂಕಿ ಕೊಟ್ಟಿದ್ದಾರೆ, ನಾನು ಕಣ್ಣಿಗೆ ಬಿದ್ದದ್ದನ್ನು ಹೇಳುತ್ತೇನೆ.

ಮರಿ ಬಂದ ದಿನ ಶೆಡ್ಡು ಚೆಂದವಿರುತ್ತದೆ. ಹೊಸ ಹೊಟ್ಟು, ಬೆಚ್ಚಗಿನ ದೀಪ, ಹಳದಿ ಮುದ್ದೆಗಳು. ಐದನೇ ವಾರಕ್ಕೆ ಅದೇ ನೆಲ ಕಾಣುವುದಿಲ್ಲ, ಬರೀ ಬೆನ್ನುಗಳು. ಒಳಗೆ ಕಾಲಿಟ್ಟರೆ ಅಮೋನಿಯಾಕ್ಕೆ ಕಣ್ಣು ಉರಿಯುತ್ತದೆ. ಆ ಹೊಟ್ಟು ಹಿಕ್ಕೆಯಲ್ಲಿ ನೆನೆದು ಗಟ್ಟಿಯಾಗಿರುತ್ತದೆ, ಹಕ್ಕಿ ಅದರ ಮೇಲೇ ಕೂತಿರುತ್ತದೆ, ಏಕೆಂದರೆ ಎದ್ದು ನಡೆಯುವುದು ಅದಕ್ಕೆ ಕಷ್ಟ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿ, 1978ರ ತಳಿ, 2005ರ ತಳಿ ಮೂರಕ್ಕೂ ಒಂದೇ ಆಹಾರ ಹಾಕಿ ಬೆಳೆಸಿ ನೋಡಿದರು. 56ನೇ ದಿನಕ್ಕೆ ಮೊದಲನೆಯದು 905 ಗ್ರಾಂ, ಎರಡನೆಯದು 1,808, ಮೂರನೆಯದು 4,202. ಮದ್ದು ಹಾಕಿ ಉಬ್ಬಿಸುತ್ತಾರೆ ಎಂದು ಜನ ಹೇಳುತ್ತಾರಲ್ಲ, ಅದಲ್ಲ ವಿಷಯ. ಆ ತೂಕ ಅದರ ತಳಿಯಲ್ಲೇ ಇದೆ. ಶೆಡ್ಡಿನ ಬಾಗಿಲು ತೆಗೆದು ಹೊರಗೆ ಬಿಟ್ಟರೂ ಅದು ಆ ಮೈ ಹೊತ್ತೇ ತಿರುಗಬೇಕು.

ಸ್ವಚ್ಛ ಮಾಡಿದ ಇಡೀ ಕೋಳಿಯ ಕಾಲಿನ ಗಂಟು ಗಮನಿಸಿ, ಕೆಲವಕ್ಕೆ ಕಂದು ಕಲೆ ಇರುತ್ತದೆ. ಅಡುಗೆಯವರು ಏನೋ ಪೆಟ್ಟು ಬಿದ್ದಿದೆ ಅಂದುಕೊಳ್ಳುತ್ತಾರೆ. ಅದು ಹೊಟ್ಟಿನ ಅಮೋನಿಯಾಕ್ಕೆ ಚರ್ಮ ಸುಟ್ಟ ಗುರುತು. ನನ್ನ ಕೆಲಸದಲ್ಲಿ ಆ ಕಲೆ ನೋಡಿ ಶೆಡ್ಡಿನ ಗಾಳಿ ಹೇಗಿತ್ತು ಅಂತ ಹೇಳುತ್ತಿದ್ದೆ.

ಇದರ ತಾಯಿಕೋಳಿಗಳದ್ದು ಇನ್ನೊಂದು ಕಥೆ. ಅದೇ ತಳಿ, ಆದರೆ ಮೊಟ್ಟೆಯಿಡುವಷ್ಟು ಕಾಲ ಬದುಕಬೇಕು. ಹೊಟ್ಟೆ ತುಂಬ ಹಾಕಿದರೆ ತೂಕಕ್ಕೇ ಕಾಲು, ಹೃದಯ ಕೈಕೊಡುತ್ತವೆ. ಹಾಗಾಗಿ ಅಳೆದು ಹಾಕುತ್ತಾರೆ. ಹಸಿವಿನಲ್ಲಿ ಖಾಲಿ ತೊಟ್ಟಿಯನ್ನು ಕುಕ್ಕುತ್ತಲೇ ಇರುತ್ತವೆ. ಈ ಸಂಗತಿ ಮಾಂಸ ತಿನ್ನುವವರಿಗೂ ಗೊತ್ತಿಲ್ಲ, ಬಿಡಿ ಎಂದು ಹೇಳುವವರಿಗೂ ಗೊತ್ತಿಲ್ಲ.

ನಾನು ವೀಗನ್ ಅಲ್ಲ. ಕೋಳಿ ತಿನ್ನುವುದಿಲ್ಲ, ಅಷ್ಟೆ.

ಹಾಲುಕೆನೆ

ಇದೆಲ್ಲ ಓದಿದರೆ ನಮ್ಮ ಸಸ್ಯಾಹಾರವೇ ಸರಿಯಾದ ದಾರಿ ಅನ್ನಿಸುತ್ತದೆ. ಹಾಲು, ಮೊಟ್ಟೆಗೆ ಯಾರನ್ನೂ ಕೊಲ್ಲಬೇಕಿಲ್ಲವಲ್ಲ. ವೀಗನ್‌ಗಳು ಅದನ್ನೂ ಬಿಡಿ ಅಂದಾಗಲೇ ಜನ ಓಡಿಹೋಗುವುದು.

ಹಳೇಕುಳ

ಹಾಲುಕೆನೆ ಮೇಡಂ, ಕೋಪ ಮಾಡಿಕೊಳ್ಳಬೇಡಿ. ಮೊಟ್ಟೆಯ ತಳಿಯೇ ಬೇರೆ, ಮಾಂಸದ ತಳಿಯೇ ಬೇರೆ. ಮೊಟ್ಟೆಯ ತಳಿಯಲ್ಲಿ ಹುಟ್ಟುವ ಹುಂಜ ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆ ಲಾಭವಿಲ್ಲ. ಮರಿ ಒಡೆದ ದಿನವೇ ಬೇರ್ಪಡಿಸಿ ಕೊಲ್ಲುತ್ತಾರೆ, ಗ್ಯಾಸಿನಲ್ಲೋ ಅರೆಯುವ ಯಂತ್ರದಲ್ಲೋ. ಜಗತ್ತಿನಲ್ಲಿ ವರ್ಷಕ್ಕೆ 600ರಿಂದ 700 ಕೋಟಿ ಎಂಬುದು ಅಂದಾಜು. ಜರ್ಮನಿ 2022ರ ಜನವರಿಯಿಂದ ಇದನ್ನು ನಿಷೇಧಿಸಿತು. ಮೊಟ್ಟೆಯೊಳಗೇ ಗಂಡೋ ಹೆಣ್ಣೋ ಪತ್ತೆ ಮಾಡುವ ಯಂತ್ರಗಳು ಬಂದಿವೆ, ಆದ್ದರಿಂದ ಅದು ಸಾಧ್ಯವಾಯಿತು. ಉಳಿದ ಬಹುಪಾಲು ಕಡೆ ಹಳೇ ಪದ್ಧತಿಯೇ.

ಹಸು ಕರು ಹಾಕದೆ ಹಾಲು ಕೊಡುವುದಿಲ್ಲ. ಗಂಡು ಕರು ಏನಾಗುತ್ತದೆ ಎಂದು ಒಮ್ಮೆ ಕೇಳಿ ನೋಡಿ, ಉತ್ತರ ಕೊಡುವವರು ವಿಷಯ ಬದಲಿಸುತ್ತಾರೆ. ಇಪ್ಪತ್ತು ವರ್ಷ ಬದುಕಬಲ್ಲ ಹಸುವನ್ನು ದೊಡ್ಡ ಡೇರಿಗಳಲ್ಲಿ ಐದಾರನೇ ವರ್ಷಕ್ಕೆ, ಹಾಲು ಇಳಿಯಿತೆಂದು ಸಾಗಿಸುತ್ತಾರೆ. ಒಂದು ಮೊಟ್ಟೆಗೂ ಒಂದು ತುಂಡು ಮಾಂಸಕ್ಕೂ ಪ್ರೋಟೀನ್ ಲೆಕ್ಕದಲ್ಲಿ ಹೋಲಿಸಿದರೆ, ಮಾಂಸಕ್ಕಿಂತ ಮೊಟ್ಟೆಯಲ್ಲೇ ಹಕ್ಕಿಯ ಸಂಕಟ ಹೆಚ್ಚು ಎಂದು ನನ್ನ ಅನುಭವ ಹೇಳುತ್ತದೆ. ಮಾಂಸ ಬಿಟ್ಟು ಆ ಜಾಗಕ್ಕೆ ಮೊಟ್ಟೆ ತುಂಬಿದವರು ಏನು ಬಿಟ್ಟರು ಅಂತ ನನಗೆ ಅರ್ಥವಾಗಿಲ್ಲ.

ಖಾರಪ್ರಿಯ

ಹಳೇಕುಳ ಸರ್, ನೀವು ಬರೆದದ್ದನ್ನು ಎರಡು ಸಲ ಓದಿದೆ. ಆ ಕಾಲಿನ ಕಲೆ ನಾನೂ ನೋಡಿದೀನಿ. ಏನು ಅಂತ ಕೇಳಿರಲಿಲ್ಲ.

ಆದ್ರೆ ನೀವೆಲ್ಲ ಹೇಳ್ತಿರೋದು ಶೆಡ್ಡಿನ ವಿರುದ್ಧ, ಮಾಂಸದ ವಿರುದ್ಧ ಅಲ್ಲ. ಒಬ್ಬ ರೈತ ನಾಲ್ಕು ಕುರಿ ಬಯಲಲ್ಲಿ ಮೇಯಿಸ್ತಾನೆ, ಹೆಸರಿಟ್ಟು ಕರೀತಾನೆ, ಕೊನೆಗೆ ಅದಕ್ಕೆ ಗೊತ್ತೇ ಆಗದ ಹಾಗೆ ಕೊಲ್ತಾನೆ. ಇದರಲ್ಲಿ ಯಾರಿಗೆ ಏನು ಅನ್ಯಾಯ? ಆ ಕುರಿ ಹುಟ್ಟಿದ್ದೇ ಅವನು ಸಾಕಿದ್ದಕ್ಕೆ.

ನೀಲಿಶಾಯಿ

ಇದಕ್ಕೆ ಸಲೀಸಾದ ಉತ್ತರ ಇದೆ ಅನ್ನುವವರು ಪ್ರಶ್ನೆಯನ್ನೇ ಕೇಳಿಸಿಕೊಂಡಿಲ್ಲ. ಪ್ರಾಣಿಗಳ ಪರ ನಿಂತ ದಾರ್ಶನಿಕರೇ ಇಲ್ಲಿ ಎರಡಾಗುತ್ತಾರೆ. 1975ರಲ್ಲಿ ಈ ಚಳವಳಿಗೆ ತಾತ್ವಿಕ ಬಲ ಕೊಟ್ಟ ಪೀಟರ್ ಸಿಂಗರ್‌ಗೆ ಮುಖ್ಯವಾದದ್ದು ಸಂಕಟ. ಸಂಕಟವಿಲ್ಲದೆ ಬಾಳಿ, ಸಂಕಟವಿಲ್ಲದೆ ಸತ್ತ ಪ್ರಾಣಿಯ ವಿಷಯದಲ್ಲಿ ಅವರ ವಾದದ ಹಿಡಿತ ಸಡಿಲವಾಗುತ್ತದೆ, ಅದನ್ನು ಅವರೂ ಒಪ್ಪುತ್ತಾರೆ. 1983ರಲ್ಲಿ ಟಾಮ್ ರೀಗನ್ ಬೇರೆ ದಾರಿ ಹಿಡಿದರು: ಆ ಕುರಿಗೆ ತನ್ನದೇ ಆದ ಒಂದು ಬದುಕಿದೆ, ಅದು ಚೆನ್ನಾಗಿ ಹೋಗಬಹುದು, ಕೆಟ್ಟದಾಗಿ ಹೋಗಬಹುದು, ಅದನ್ನು ಇನ್ನೊಬ್ಬರ ಸಾಧನವಾಗಿ ಮುಗಿಸುವ ಹಕ್ಕು ಯಾರಿಗೂ ಇಲ್ಲ. ಹೆಸರಿಟ್ಟು ಕರೆದದ್ದು ಅದಕ್ಕೆ ಸಂಬಂಧಿಸಿದ್ದಲ್ಲ.

"ನಾನು ಸಾಕಿದ್ದಕ್ಕೇ ಹುಟ್ಟಿತು" ಎಂಬುದನ್ನು ಮಾತ್ರ ಒಪ್ಪಲಾರೆ. ನಾನು ಹುಟ್ಟಿಸಿದೆ ಎಂಬ ಕಾರಣಕ್ಕೆ ಯಾರ ಮೇಲೂ ಆ ಅಧಿಕಾರ ಬರುವುದಿಲ್ಲ, ಮಕ್ಕಳಿರುವ ಯಾರನ್ನಾದರೂ ಕೇಳಿ. ಉಳಿದಂತೆ ನಿಮ್ಮ ಬಯಲಿನ ಕುರಿಯ ಬಗ್ಗೆ ನನ್ನ ನಿಲುವು ರೀಗನ್ ಕಡೆಗೆ ವಾಲುತ್ತದೆ, ಆದರೆ ನಿದ್ದೆಗೆಡಿಸುವಷ್ಟು ಅಲ್ಲ. ಕೇಳುವುದಿಷ್ಟೇ: ನೀವು ನಿಜಕ್ಕೂ ತಿನ್ನುತ್ತಿರುವುದು ಆ ಕುರಿಯನ್ನೇ? ವಾದಕ್ಕೆ ಬಯಲಿನ ಕುರಿ, ಊಟಕ್ಕೆ ಶೆಡ್ಡಿನ ಕೋಳಿ ಎಂದಾದರೆ ಆ ಕುರಿ ಬರೀ ವಕೀಲ.

ಖಾರಪ್ರಿಯ

ವಕೀಲ ಕುರಿ! ಇದನ್ನ ಕದ್ದು ಇಟ್ಕೊಳ್ತೀನಿ.

ಮೂರುಹೊತ್ತು

ಆಹಾರತಜ್ಞೆ ನಾನು. ಒಂದು ಕೋರಿಕೆ ಇದೆ. ಮನವೊಲಿಸುವ ಭರದಲ್ಲಿ ಸುಳ್ಳು ಹೇಳಬೇಡಿ. "ಎಲ್ಲವೂ ಗಿಡದಲ್ಲೇ ಸಿಗುತ್ತದೆ" ಎಂಬ ಮಾತು ಕೇಳಿ ವೀಗನ್ ಆದವರು ಪಾದ ಜುಮ್ಮೆನ್ನುತ್ತದೆ ಎಂದು ಹೇಳಿಕೊಂಡು ಬರುತ್ತಾರೆ. ಬಿ12 ತಯಾರಿಸುವುದು ಬ್ಯಾಕ್ಟೀರಿಯಾ, ಗಿಡವಲ್ಲ. ಯಕೃತ್ತಿನಲ್ಲಿ ಹಳೆಯ ದಾಸ್ತಾನು ಇರುವುದರಿಂದ ಕೊರತೆ ತಡವಾಗಿ, ಕೆಲವರಿಗೆ ವರ್ಷಗಳ ಮೇಲೆ ಕಾಣಿಸುತ್ತದೆ. ಸೊಪ್ಪು, ಕಾಳಿನಲ್ಲಿರುವ ಫೋಲೇಟ್ ಹೇರಳವಾಗಿ ಸಿಗುತ್ತಿದ್ದರೆ ರಕ್ತಹೀನತೆಯೂ ಮರೆಯಾಗಿ, ಒಳಗೊಳಗೇ ನರಕ್ಕೆ ಪೆಟ್ಟು ಬೀಳುತ್ತಿರುತ್ತದೆ. ಮಾತ್ರೆ ತೆಗೆದುಕೊಂಡರೆ ಮುಗಿಯಿತು, ಅಗ್ಗದ ಪರಿಹಾರ. ಆದರೆ ಅದನ್ನು ಮೊದಲ ದಿನವೇ ಹೇಳಬೇಕು.

ಅಮೆರಿಕದ ಆಹಾರತಜ್ಞರ ಸಂಘ 2016ರಲ್ಲಿ ಸರಿಯಾಗಿ ಯೋಜಿಸಿದ ವೀಗನ್ ಊಟ ಬದುಕಿನ ಎಲ್ಲ ಹಂತಕ್ಕೂ ಸಾಕು ಎಂದಿತ್ತು. 2025ರ ಹೊಸ ಹೇಳಿಕೆ ವಯಸ್ಕರಿಗೆ ಸೀಮಿತವಾಗಿದೆ. ಮಕ್ಕಳು, ಗರ್ಭಿಣಿಯರ ಬಗ್ಗೆ ಅದು ಮಾತಾಡುವುದಿಲ್ಲ. ಅವರಿಗೆ ಆಗದು ಎಂದು ಇದರರ್ಥವಲ್ಲ, ಆದರೆ ಹಳೆಯ ವಾಕ್ಯವನ್ನೇ ಇನ್ನೂ ಹಂಚಬೇಡಿ. "ಸರಿಯಾಗಿ ಯೋಜಿಸಿದ" ಎಂಬ ಎರಡು ಪದಗಳನ್ನು ನುಂಗಿಕೊಂಡು ಹಂಚುವವರೂ ಇದ್ದಾರೆ.

ಲೆಕ್ಕದಪುಸ್ತಕ

ಮೂರುಹೊತ್ತು ಅವರ ಮಾತಿಗೆ ಒಂದು ಸೇರಿಸುತ್ತೇನೆ: ಆರೋಗ್ಯದ ವಾದ ಬಾಳಿಕೆ ಬರುವುದಿಲ್ಲ ಎಂಬುದಕ್ಕೆ ಹಳೆಯ ಸಾಕ್ಷಿ ಇದೆ. ಗಾಂಧೀಜಿ 1931ರ ನವೆಂಬರಿನಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ ಮಾತಾಡುತ್ತ, ಸಸ್ಯಾಹಾರಿಗಳಿಗೆ ಊಟ ಮತ್ತು ರೋಗ ಬಿಟ್ಟರೆ ಬೇರೆ ಮಾತೇ ಇಲ್ಲ ಎಂದು ಛೇಡಿಸಿದ್ದರು. ಆರೋಗ್ಯಕ್ಕಾಗಿ ಮಾಂಸ ಬಿಟ್ಟವರು ಸಾಮಾನ್ಯವಾಗಿ ಮರಳಿ ಹೋಗುತ್ತಾರೆ, ನೈತಿಕ ನೆಲೆಯಿದ್ದರೆ ಮಾತ್ರ ನಿಲ್ಲುತ್ತಾರೆ ಎಂಬುದು ಅವರ ವಾದ. 2014ರಲ್ಲಿ ಅಮೆರಿಕದಲ್ಲಿ 11,000ಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿದಾಗ, ಒಂದು ಕಾಲಕ್ಕೆ ಸಸ್ಯಾಹಾರಿಯೋ ವೀಗನ್ನೋ ಆದವರಲ್ಲಿ ನೂರಕ್ಕೆ 84 ಮಂದಿ ವಾಪಸಾಗಿದ್ದರು.

ಪ್ರಾಣಿಯ ವಾದ ಕೆಲಸ ಮಾಡುತ್ತದೆಯೇ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನಲ್ಲಿ 1,332 ವಿದ್ಯಾರ್ಥಿಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾಂಸದ ನೈತಿಕತೆ, ಇನ್ನೊಂದಕ್ಕೆ ದಾನದ ನೈತಿಕತೆ ಪಾಠ ಮಾಡಿದರು. ಆಮೇಲೆ ಕ್ಯಾಂಟೀನಿನ ಬಿಲ್ಲು ನೋಡಿದರು. ಮೊದಲ ಗುಂಪಿನಲ್ಲಿ ಮಾಂಸದ ಖರೀದಿ 52ರಿಂದ 45 ಶೇಕಡಕ್ಕೆ ಇಳಿದಿತ್ತು, ಎರಡನೆಯದು 52ರಲ್ಲೇ ಇತ್ತು. 2020ರಲ್ಲಿ ಪ್ರಕಟವಾದದ್ದು. ಏಳು ಅಂಕ. ಕೂಗಾಡದೆ, ರಕ್ತದ ಚಿತ್ರ ಅಂಟಿಸದೆ.

ಇದಕ್ಕಿಂತ ಹೆಚ್ಚು ಬದಲಾವಣೆ ಕಂಡದ್ದು ಬಾಯೇ ತೆರೆಯದ ಕಡೆ. ಕೇಂಬ್ರಿಜ್‌ನ ಕ್ಯಾಂಟೀನುಗಳಲ್ಲಿ ನಾಲ್ಕರಲ್ಲಿ ಒಂದಿದ್ದ ಮಾಂಸವಿಲ್ಲದ ಊಟವನ್ನು ಎರಡು ಮಾಡಿದಾಗ ಅಂಥ ಊಟದ ಮಾರಾಟ 40ರಿಂದ 80 ಶೇಕಡ ಏರಿತು. 2019ರ ಅಧ್ಯಯನ, 94,000ಕ್ಕೂ ಹೆಚ್ಚು ಊಟಗಳ ಲೆಕ್ಕ. ಯಾರಿಗೂ ಯಾರೂ ಏನೂ ಬೋಧಿಸಲಿಲ್ಲ.

ಊಟದ ಹೊತ್ತಿಗೆ ವಾದಕ್ಕಿಳಿಯಬೇಡಿ ಎನ್ನುವುದಕ್ಕೂ ಕಾರಣವಿದೆ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ಒಣಗಿಸಿದ ದನದ ಮಾಂಸ, ಕೆಲವರಿಗೆ ಗೋಡಂಬಿ ತಿನ್ನಲು ಕೊಟ್ಟು, ಆಮೇಲೆ ಹಸುವಿನ ಬಗ್ಗೆ ಕೇಳಿದರು. ಮಾಂಸ ತಿಂದವರು ಹಸುವಿಗೆ ಕೊಟ್ಟ ನೈತಿಕ ಬೆಲೆ ಕಡಿಮೆ ಇತ್ತು. ಬಾಯಲ್ಲಿ ತುತ್ತಿರುವಾಗ ಮನಸ್ಸು ಅದರ ಪರವೇ ಸಾಕ್ಷಿ ಹೇಳುತ್ತದೆ.

ಸಾವಧಾನ

ಆರೋಗ್ಯದ ಮಾತು ಇನ್ನು ಎತ್ತುವುದಿಲ್ಲ, ಅದು ವೈದ್ಯರಿಗೆ ಇರಲಿ. ಆದರೆ ನನಗೆ ಇನ್ನೂ ಒಂದು ಇಕ್ಕಟ್ಟು. ಮೊದಲು ಕೋಳಿ ಬಿಡಿ ಎಂದು ಹೇಳಿದರೆ ಉಳಿದದ್ದು ತಿನ್ನಬಹುದು ಎಂದು ನಾನೇ ಪರವಾನಗಿ ಕೊಟ್ಟ ಹಾಗಲ್ಲವೇ? ಅವರು ಕೋಳಿಯ ಜಾಗದಲ್ಲಿ ದನ ತಿಂದರೆ ಹವಾಮಾನದ ಗತಿ ಏನು? ನನ್ನ ಬಾಯಿಂದ ಅರ್ಧ ಮಾತು ಬರಬಾರದು ಎಂಬುದು ನನ್ನ ನಿಲುವು.

ಹಳೇಕುಳ

ಪರವಾನಗಿ ಕೊಡಲು ಅವರು ನಿಮ್ಮನ್ನು ಕೇಳಿಲ್ಲವಲ್ಲ ಸ್ವಾಮಿ. ನೀವು ಪೂರ್ತಿ ಮಾತೇ ಆಡಿ, ಅವರು ಅರ್ಧ ಕೇಳಿಸಿಕೊಳ್ಳಲಿ. ಆ ಅರ್ಧ ಯಾವುದಾಗಬೇಕು ಅಂತಷ್ಟೇ ನಾನು ಹೇಳಿದ್ದು.

ಲೆಕ್ಕದಪುಸ್ತಕ

ಕೋಳಿಯ ಜಾಗಕ್ಕೆ ಏನು ಬರಬೇಕು ಎಂದು ಹೇಳದೆ ಬಿಟ್ಟರೆ ಸಾವಧಾನ ಅವರ ಭಯ ನಿಜವಾಗುತ್ತದೆ. ಬಟಾಣಿಯಿಂದ 100 ಗ್ರಾಂ ಪ್ರೋಟೀನಿಗೆ ಹೊರಬೀಳುವುದು ಅರ್ಧ ಕಿಲೋಗೂ ಕಡಿಮೆ ಅನಿಲ. ಪ್ರಾಣಿಗೂ ಹವಾಮಾನಕ್ಕೂ ಜಗಳವಿಲ್ಲದ ಜಾಗ ಕಾಳು ಮಾತ್ರ. "ಬಿಡಿ" ಎಂಬುದರ ಜೊತೆಗೇ "ಇದನ್ನು ಹೀಗೆ ಮಾಡಿ ತಿನ್ನಿ" ಇರಬೇಕು.

ಖಾರಪ್ರಿಯ

ಅಲ್ಲಿಗೇ ಬಂದ್ರಲ್ಲ. ನಾನು ಏನನ್ನೂ ಬಿಡ್ತೀನಿ ಅಂತ ಇಲ್ಲಿ ಬರೆದುಕೊಡಲ್ಲ. ಆದ್ರೆ ಕಾಳು ತಿಂದ ದಿನ ನನಗೆ ಹೊಟ್ಟೆ ಉಬ್ಬರ, ರಾತ್ರಿಯೆಲ್ಲ ಗುಡುಗು. ಇದಕ್ಕೆ ಯಾವ ದಾರ್ಶನಿಕನ ಹತ್ರ ಉತ್ತರ ಇದೆ?

ಮೂರುಹೊತ್ತು

ದಾರ್ಶನಿಕರು ಬೇಡ. ಕಾಳಿನಲ್ಲಿ ನಮ್ಮ ಕರುಳಿಗೆ ಜೀರ್ಣವಾಗದ ಕೆಲವು ಸಕ್ಕರೆಗಳಿವೆ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ತಿಂದು ಗಾಳಿ ಮಾಡುತ್ತದೆ. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೆರಳಿಗೆ ಹಿಸುಕುವಷ್ಟು ಮೆತ್ತಗೆ ಬೇಯಿಸಿ. ಮೊದಲ ವಾರ ದಿನಕ್ಕೆ ಎರಡು ಚಮಚಕ್ಕಿಂತ ಹೆಚ್ಚು ಬೇಡ, ಆಮೇಲೆ ನಿಧಾನಕ್ಕೆ ಏರಿಸಿ. ಸಿಪ್ಪೆ ತೆಗೆದ ಬೇಳೆಯಿಂದ ಶುರು ಮಾಡಿದರೆ ಇನ್ನೂ ಸುಲಭ. ಕೆಲವು ವಾರದಲ್ಲಿ ಕರುಳು ಹೊಂದಿಕೊಳ್ಳುತ್ತದೆ. ಆದರೂ ನಿಲ್ಲದಿದ್ದರೆ ತೋಫು ಮಾಡಿ ನೋಡಿ, ಅದನ್ನು ತಯಾರಿಸುವಾಗ ಆ ಸಕ್ಕರೆಗಳು ಬಹುಪಾಲು ನೀರಿನ ಜೊತೆ ಹೊರಟುಹೋಗಿರುತ್ತವೆ. ಖಾರ ಎಷ್ಟು ಬೇಕಾದರೂ ಹಾಕಿಕೊಳ್ಳಿ.